ನೀರಾ, ಪಡಮಾ?

ವೆಸ್ಟ್ ಮಾಂಬಲಂನ ಆ ಮಹಡಿ ಮನೆಯಲ್ಲಿ ವೈಕುಂಠ ಸಮಾರಾಧನೆಯ ಊಟ ಮುಗಿದು, ಬಂದವರೆಲ್ಲ ತಾಂಬೂಲ ತೆಗೆದುಕೊಂಡು ಮೆಟ್ಟಿಲಿಳಿದ ಮೇಲೆ, ತೀರಿಹೋದ ಮೇಡಂ ಅವರ ತಮ್ಮ ನನ್ನನ್ನು ಮಾತ್ರ ನಿಲ್ಲಿಸಿದರು.

"ಸ್ವಲ್ಪ ಕೂತ್ಕೊಳ್ಳಿ. ನಿಮ್ಮನ್ನ ಒಂದು ಕೇಳ್ಬೇಕು."

ಬೆಂಚಿನ ಮೇಲೆ ಕೂತೆ. ಅವರು ಮಾತ್ರ ನಿಂತೇ ಇದ್ದರು. ತಲೆ ಬೋಳಿಸಿಕೊಂಡಿದ್ದರಿಂದ ಮುಖ ಅಕ್ಕನ ಮುಖದ ಹಾಗೇ ಕಾಣುತ್ತಿತ್ತು.

"ನಾನು ಮೀನುಗಾರರ ಕಟ್ಟುಮರದ ಮೇಲೆ ಒಂದು ಡಾಕ್ಯುಮೆಂಟರಿ ಮಾಡಿದ್ದೆ. ಹತ್ತು ನಿಮಿಷದ್ದು, ಥಿಯೇಟರ್‌ಗಳಲ್ಲಿ ಪಿಕ್ಚರ್‌ಗೆ ಮುಂಚೆ ಹಾಕ್ತಿದ್ರು. ಅಕ್ಕ ಅದನ್ನ ನೋಡಿದ್ಲಾ? ನಿಮ್ಮ ಹತ್ರ ಏನಾದ್ರೂ ಹೇಳಿದ್ಲಾ?"

ನನಗೆ ಉತ್ತರ ಗೊತ್ತಿತ್ತು. ಆದರೆ ಅವನಿಗೆ ಹೇಳಬೇಡ ಎಂದು ಅವರಕ್ಕನೇ ನನ್ನಿಂದ ಮಾತು ತೆಗೆದುಕೊಂಡಿದ್ದರು. ಅವರಿಗೆ ಕೊಟ್ಟ ಮಾತನ್ನು ಅವರು ಹೋದ ಹದಿಮೂರನೆಯ ದಿನವೇ ಮುರಿಯುವುದು ಹೇಗೆ?

ಅವರು ನನ್ನ ಮೇಡಂ. ವಿಮಾ ಕಚೇರಿಯಲ್ಲಿ ನಮ್ಮ ಸೆಕ್ಷನ್ನಿನ ಸೂಪರಿಂಟೆಂಡೆಂಟ್. ಹೆಸರು ಬರೆಯುವುದಿಲ್ಲ. ಹೊಗಳಿಕೆಯ ಲೇಖನಗಳೆಂದರೆ ಅವರಿಗೆ ಆಗುತ್ತಿರಲಿಲ್ಲ. ಯಾರಾದರೂ ತೀರಿಕೊಂಡಾಗ ಪತ್ರಿಕೆಯಲ್ಲಿ ಬರುವ ನಾಲ್ಕು ಸಾಲನ್ನು ಓದಿ, "ಬದುಕಿದ್ದಾಗ ಇವರು ಇಷ್ಟು ಒಳ್ಳೆಯೋರಾಗಿದ್ರೆ ನಮಗೆ ಗೊತ್ತಾಗ್ತಿರಲಿಲ್ವಾ?" ಎಂದು ಪತ್ರಿಕೆ ಮಡಚುತ್ತಿದ್ದರು.

ಎಪ್ಪತ್ತರ ದಶಕದ ನಡುವೆ ನಾನು ಆ ಕಚೇರಿಗೆ ಸೇರಿದೆ. ನಮ್ಮದು ಕೊಳ್ಳೇಗಾಲ. ಅಪ್ಪ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಬಿಸಿನೀರಿನಲ್ಲಿ ಬೆಂದು ಬೆಂದು ಅವರ ಬೆರಳ ತುದಿಗಳಲ್ಲಿ ಗೆರೆಯೇ ಉಳಿದಿರಲಿಲ್ಲ. ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲ ಜೀವ ನಾನು. ಮೈಸೂರಿನ ಉಚಿತ ಹಾಸ್ಟೆಲ್ಲಿನಲ್ಲಿ, ಬೇರೆಯವರ ಪುಸ್ತಕವನ್ನು ಅವರು ಮಲಗಿದ ಮೇಲೆ ಓದಿ ಪಾಸು ಮಾಡಿದ ಬಿ.ಎ. ಅದನ್ನು ಹೇಳಿಕೊಳ್ಳುವುದಕ್ಕೆ ನನಗೆ ಆಗಲೂ ನಾಚಿಕೆಯಿರಲಿಲ್ಲ, ಈಗಲೂ ಇಲ್ಲ. ಆದರೆ ಡಿಗ್ರಿ ಬಂದರೂ ನನಗೆ ಬಾರದ ಒಂದಿತ್ತು. ನಮ್ಮ ಮನೆಯಲ್ಲಿ ಯಾರೂ ಯಾರನ್ನೂ "ಹೇಗಿದೆ?" ಎಂದು ಕೇಳುತ್ತಿರಲಿಲ್ಲ. ಇದ್ದದ್ದನ್ನು ಉಣ್ಣುವುದು, ಕೊಟ್ಟದ್ದನ್ನು ಉಡುವುದು. ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎನ್ನುವುದೊಂದೇ ನನಗೆ ಗೊತ್ತಿದ್ದ ಉತ್ತರ.

ಶನಿವಾರ ನಮಗೆ ಅರ್ಧ ದಿನ. ಮೇಡಂ ಕಚೇರಿಯಿಂದ ನೇರ ಮೌಂಟ್ ರೋಡಿನ ಯಾವುದಾದರೊಂದು ಥಿಯೇಟರಿಗೆ ಮ್ಯಾಟಿನಿಗೆ ಹೋಗುತ್ತಿದ್ದರು. ಕನ್ನಡದ ಹುಡುಗಿ, ಊರಿಗೆ ಹೊಸಬಳು ಎಂದು ನನ್ನನ್ನೂ ಕರೆದರು. ಮೊದಲ ಶನಿವಾರ ಇಂಟರ್ವಲ್‌ನಲ್ಲಿ ಕೇಳಿದರು.

"ಹೇಗಿದೆ?"

"ಚೆನ್ನಾಗಿದೆ ಮೇಡಂ."

"ಯಾರಿಗೆ?"

ನಾನು ತೆರೆಯ ಕಡೆ ನೋಡಿದೆ.

"ನಿನಗಾ ಚೆನ್ನಾಗಿರೋದು? ನಾನು ಪಕ್ಕಕ್ಕೆ ತಿರುಗಿ ನೋಡಿದೆ, ನೀನು ಆಕಳಿಸ್ತಾ ಇದ್ದೆ. ಪಡಂ ಮಾಡಿದವನು ಇಲ್ಲಿಲ್ಲ ಅಮ್ಮಾ. ನಾನು ಮಾಡಿಲ್ಲ. ಯಾರಿಗೆ ಹೆದರಿ ಚೆನ್ನಾಗಿದೆ ಅಂತೀಯ?"

ತಂಜಾವೂರಿನ ಕಡೆಯಿಂದ ಮದರಾಸಿಗೆ ಬಂದು ನೆಲೆಸಿದ ಮಾಧ್ವರು ಅವರು. ಮನೆಮಾತು ಕನ್ನಡವೇ, ಆದರೆ ತಮಿಳಿನ ಒಗ್ಗರಣೆ ಜಾಸ್ತಿ. ಸಿನಿಮಾಕ್ಕೆ ಪಡಂ ಎನ್ನುತ್ತಿದ್ದರು, ಕೊಡಕ್ಕೆ ಕುಡಂ. ಬೇಜಾರು ಹಿಡಿಸುವ ಚಿತ್ರಕ್ಕೆ ಮದರಾಸಿನವರೆಲ್ಲರ ಹಾಗೆ "ಶುದ್ಧ ಅರುವೈ" ಎನ್ನುತ್ತಿದ್ದರು, ಕುಯ್ತ ಎಂಬ ಅರ್ಥದಲ್ಲಿ. ಮದುವೆಯಾಗಿರಲಿಲ್ಲ. ಅಪ್ಪ ಅಮ್ಮ ಬೇಗ ಹೋದ ಮೇಲೆ, ತಮಗಿಂತ ಬಹಳ ಚಿಕ್ಕವನಾದ ತಮ್ಮನನ್ನು ಸಾಕಿದ್ದೇ ಅವರ ಸಂಸಾರ. ಬಲಗೈಯಲ್ಲಿ ಅಪ್ಪನ ಗಂಡಸರ ವಾಚು ಕಟ್ಟುತ್ತಿದ್ದರು. ಆ ವಾಚಿಗೆ ಶನಿವಾರ ಮಧ್ಯಾಹ್ನ ದೊಡ್ಡ ಕೆಲಸವಿತ್ತು.

ಏಕೆಂದರೆ ಶನಿವಾರ ಅವರ ಮನೆಯಲ್ಲಿ ನೀರು ಬರುತ್ತಿದ್ದದ್ದು ಸಂಜೆ ಐದಕ್ಕೆ. ಕೆಳಗಿನ ಅಂಗಳದಲ್ಲಿ ಕಾರ್ಪೊರೇಷನ್ ನೀರನ್ನು ಕೈಯಲ್ಲಿ ಒತ್ತಿ ಎಳೆಯುವ ಅಡಿಪಂಪು, ಅದರ ಮುಂದೆ ಎಲ್ಲ ಪೋರ್ಷನ್ನಿನವರ ಕೊಡಗಳ ಸಾಲು. ಆ ಹೊತ್ತಿಗೆ ಇಲ್ಲದವರ ಕೊಡ ಪಕ್ಕಕ್ಕೆ. ಮತ್ತೆ ಮರುದಿನ ಬಂದರೆ ಬಂತು. ಮ್ಯಾಟಿನಿ ಪೂರ್ತಿ ನೋಡಿದರೆ ನೀರಿಲ್ಲ. ನೀರು ಬೇಕೆಂದರೆ ಇಂಟರ್ವಲ್‌ನಲ್ಲೇ ಎದ್ದು ಬಸ್ಸು ಹಿಡಿಯಬೇಕು. ಮೇಡಂ ಅವರ ವಿಮರ್ಶೆಯೆಲ್ಲ ಇದರ ಮೇಲೇ ನಿಂತಿತ್ತು. ಇಂಟರ್ವಲ್‌ನಲ್ಲಿ ದೀಪ ಹತ್ತಿದ ಕೂಡಲೇ ವಾಚು ನೋಡುವರು. ಆಮೇಲೆ ಒಂದೋ ಛತ್ರಿ ಎತ್ತಿಕೊಳ್ಳುವರು, ಇಲ್ಲವೇ ಕಾಲು ಚಾಚಿ, "ನೀರು ಹೋದ್ರೆ ಹೋಗ್ಲಿ" ಎಂದು ಕೂರುವರು. ಛತ್ರಿ ಎತ್ತಿದ ಶನಿವಾರಗಳೇ ಹೆಚ್ಚು.

ಸೋಮವಾರ ಊಟದ ಹೊತ್ತಿನಲ್ಲಿ ಇಡೀ ಸೆಕ್ಷನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಮೇಡಂ, ನೀರಾ, ಪಡಮಾ?"

"ನೀರು" ಎಂದರೆ ಆ ಚಿತ್ರದ ಕಥೆ ಮುಗಿಯಿತು. ಬ್ಯಾಂಕಿನವರು, ರೈಲ್ವೆಯವರು, ಕಚೇರಿಯ ಎದುರಿನ ಕಾಫಿ ಅಂಗಡಿಯವರೆಗೆ ಸುದ್ದಿ ಹೋಗುತ್ತಿತ್ತು.

"ಕೆಳಗಿನ ಮನೆ ಮಾಮಿಗೆ ಹೇಳಿ ಹೋದ್ರೆ ಅವರೇ ಹಿಡಿದಿಡಲ್ವಾ ಮೇಡಂ?" ಎಂದು ಒಂದು ಸಲ ಕೇಳಿದೆ.

"ಕೇಳಿದ್ರೆ ಹಿಡಿದಿಡ್ತಾಳೆ. ಒಳ್ಳೆಯೋಳು. ಆಮೇಲೆ ಪಡಂ ಹೇಗಿದೆ ಅಂತ ನನಗೆ ಗೊತ್ತಾಗೋದು ಹೇಗೆ? ಏನೂ ಕಳ್ಕೊಳ್ದೆ ಕೂತ್ರೆ ಎಲ್ಲಾ ಪಡಮೂ ಪರವಾಗಿಲ್ಲ ಅನ್ಸತ್ತೆ."

ತೆಗಳುವುದೆಂದರೆ ಅವರಿಗೆ ಖುಷಿಯಿತ್ತು ಎಂದು ಕೆಲವರು ಹೇಳುತ್ತಿದ್ದರು. ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ, ಖುಷಿಯಿರಲಿಲ್ಲ. ದೀಪ ಆರುವಾಗ ಮಗುವಿನ ಹಾಗೆ ಮುಂದಕ್ಕೆ ಬಾಗಿ ಕೂರುತ್ತಿದ್ದರು. ಚಿತ್ರ ಕೈಕೊಟ್ಟ ಹಾಗೆಲ್ಲ ಬೆನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಹೋಗಿ ಕುರ್ಚಿಗೆ ತಾಗುತ್ತಿತ್ತು. ತಾಗಿತೆಂದರೆ ನಾನು ನನ್ನ ಚೀಲ ಹುಡುಕಿಕೊಳ್ಳುತ್ತಿದ್ದೆ. ಅವರ ಮುಖ್ಯ ದೂರು ಮಾತಿನ ಮೇಲೆ. "ಅಳೋಳು ಅಳ್ತಾ ಇದಾಳೆ, ಕಣ್ಣಿಗೆ ಕಾಣ್ತಾ ಇದೆ. ಯಾಕೆ ಅಳ್ತಿದೀನಿ ಅಂತ ಭಾಷಣ ಯಾಕೆ? ನಾವೇನು ಕುರುಡರಾ?" ಇಷ್ಟವಾದ ಚಿತ್ರವನ್ನು ಮಾತ್ರ ಚೆನ್ನಾಗಿದೆ ಎನ್ನುತ್ತಲೇ ಇರಲಿಲ್ಲ. ಅದರ ಒಂದು ದೃಶ್ಯವನ್ನು ಹಿಡಿದುಕೊಂಡು ವಾರವೆಲ್ಲ ಮಾಡಿ ತೋರಿಸುತ್ತಿದ್ದರು. ನಾಯಕಿ ಬಾಗಿಲು ಹಾಕಿಕೊಂಡ ರೀತಿ, ಮುದುಕನೊಬ್ಬ ಕನ್ನಡಕ ಒರೆಸಿಕೊಂಡ ರೀತಿ. ಫೈಲು ಕೊಡಲು ಹೋದರೆ, "ಇರು, ಆ ಮುದುಕ ಹೀಗೆ ಒರೆಸ್ದ ನೋಡು" ಎಂದು ಸೆರಗಿನಲ್ಲಿ ಇಲ್ಲದ ಕನ್ನಡಕ ಒರೆಸುವರು.

ನಮ್ಮ ಕನ್ನಡದವರ ಕೂಟದಲ್ಲಿ ಯಾವಾಗಲಾದರೊಮ್ಮೆ ಭಾನುವಾರ ಬೆಳಗ್ಗೆ ಕನ್ನಡ ಚಿತ್ರ ತರಿಸುತ್ತಿದ್ದರು. ಸಿನಿಮಾ ಸ್ಟುಡಿಯೋಗಳಿದ್ದ ಕೋಡಂಬಾಕ್ಕಂನಿಂದ ಚಿತ್ರ ಮಾಡಿದವರನ್ನೇ ಕರೆಸಿ ಹಾರ ಹಾಕುವುದು. ಪರವೂರಿನಲ್ಲಿ ನಮ್ಮ ಭಾಷೆ ಕೇಳಿಸಿತಲ್ಲ ಎಂಬ ಸಂತೋಷದಲ್ಲಿ ಎಲ್ಲರೂ ಎಲ್ಲವನ್ನೂ ಹೊಗಳುತ್ತಿದ್ದರು. ಹಾಗಿರುವಾಗ ಯಾರೋ ಪುಣ್ಯಾತ್ಮರು ವಂದನಾರ್ಪಣೆಯನ್ನು ಮೇಡಂಗೆ ವಹಿಸಿದರು. ಅವರು ಥಿಯೇಟರಿನವರಿಗೆ, ಉಪ್ಪಿಟ್ಟು ಮಾಡಿದವರಿಗೆ, ಕುರ್ಚಿ ಹಾಕಿದವರಿಗೆ ಬಾಯ್ತುಂಬ ವಂದಿಸಿದರು. ಆಮೇಲೆ ನಿರ್ದೇಶಕರ ಕಡೆ ತಿರುಗಿ, "ನೀವು ಇಷ್ಟು ದೂರ ಬಂದದ್ದಕ್ಕೆ ವಂದನೆ. ಮೊದಲ ಹಾಡಿನವರೆಗೆ ಪಡಂ ಇತ್ತು, ಅದಕ್ಕೂ ವಂದನೆ. ಆಮೇಲೆ ಎಲ್ಲಿಗೆ ಹೋಯ್ತು ಅಂತ ನೀವೇ ಯೋಚನೆ ಮಾಡಿ" ಎಂದರು. ಕೂಟದ ಅಧ್ಯಕ್ಷರು ಕೆಂಪಗಾದರು.

"ಏನ್ರೀ ಇದು, ನಮ್ಮ ಭಾಷೆ ಚಿತ್ರವನ್ನ ನಾವೇ ಹೀಗಂದ್ರೆ?"

"ಹಳಸಿದ ಅನ್ನಕ್ಕೆ ಯಾವ ಭಾಷೆ ಸ್ವಾಮಿ?" ಎಂದರು ಮೇಡಂ.

ಅವರಿಗೆ ಮತ್ತೆಂದೂ ವಂದನಾರ್ಪಣೆ ಸಿಗಲಿಲ್ಲ.

ಇಂಥವರ ತಮ್ಮನೇ ಸಿನಿಮಾ ಹುಚ್ಚು ಹಿಡಿಸಿಕೊಂಡದ್ದು. ಹಿಡಿಸಿದ್ದು ಅವರೇ ಎನ್ನಬೇಕು, ಮಗುವಾಗಿದ್ದಾಗಿಂದ ಮಡಿಲಲ್ಲಿ ಕೂರಿಸಿಕೊಂಡು ಮ್ಯಾಟಿನಿಗೆ ಕರೆದೊಯ್ದವರು ಅವರಲ್ಲವೇ. ಕೋಡಂಬಾಕ್ಕಂನಲ್ಲಿ ಯಾರು ಯಾರದೋ ಕೈಕೆಳಗೆ ಸಹಾಯಕನಾಗಿ ವರ್ಷಗಟ್ಟಲೆ ದುಡಿದು, ಎಂಬತ್ತರ ಆಚೀಚೆ ಕೊನೆಗೂ ಒಂದು ಕನ್ನಡ ಚಿತ್ರ ಮಾಡಿದರು. ಪ್ರಿವ್ಯೂ ಒಂದು ಶನಿವಾರ ಮಧ್ಯಾಹ್ನ. ಪ್ರಿವ್ಯೂ ಪದ್ಧತಿ ಗೊತ್ತಿರುವವರಿಗೆ ಗೊತ್ತು. ಚಿತ್ರ ಮಾಡಿದವನು ಬಾಗಿಲಲ್ಲಿ ನಿಂತಿರುತ್ತಾನೆ, ಹೊರಬರುವವರು ಒಬ್ಬೊಬ್ಬರಾಗಿ ಅವನ ಕೈ ಕುಲುಕಿ "ನೂರು ದಿನ ಸಾರ್" ಎಂದು ಹೇಳಿ ಮೆಟ್ಟಿಲಿಳಿದ ಮೇಲೆ ನಿಜ ಮಾತಾಡುತ್ತಾರೆ.

ಮೇಡಂ ಅಂದು ರೇಷ್ಮೆ ಸೀರೆ ಉಟ್ಟಿದ್ದರು. ನಾನು ಪಕ್ಕದಲ್ಲಿದ್ದೆ. ನೆಲಕ್ಕಾಗಿ ಜಗಳವಾಡಿ ಬೇರೆಯಾಗುವ ಅಣ್ಣತಮ್ಮಂದಿರ ಕಥೆ. ತೆರೆಯ ಮೇಲೆ ಎಲ್ಲರೂ ಮಾತಾಡುತ್ತಲೇ ಇದ್ದರು. ಎರಡನೆಯ ಹಾಡಿನ ಹೊತ್ತಿಗೆ ಅವರ ಬೆನ್ನು ಕುರ್ಚಿಗೆ ತಾಗಿತು. ನಾನು ಅಭ್ಯಾಸಬಲದಿಂದ ಚೀಲಕ್ಕೆ ಕೈ ಹಾಕಿದೆ. ಇಂಟರ್ವಲ್‌ನಲ್ಲಿ ದೀಪ ಹತ್ತಿದಾಗ ಅವರ ತಮ್ಮ ಗೋಡೆಗೆ ಒರಗಿ ನಿಂತು ನಮ್ಮ ಸಾಲನ್ನೇ ನೋಡುತ್ತಿದ್ದರು. ಮೇಡಂ ವಾಚು ನೋಡಿಕೊಳ್ಳಲಿಲ್ಲ. ಛತ್ರಿ ಮುಟ್ಟಲಿಲ್ಲ. ಕಾಲು ಚಾಚಿ ಕೂತರು. ತಮ್ಮನ ಮುಖ ಅರಳಿದ್ದನ್ನು ನಾನು ಮರೆತಿಲ್ಲ. ಪಕ್ಕದವರ ಭುಜ ಹಿಡಿದು, "ನಮ್ಮಕ್ಕ ನೀರಿಗೆ ಹೋಗ್ಲಿಲ್ಲ" ಎಂದರು. ಪಕ್ಕದವರಿಗೆ ಅರ್ಥವಾದ ಹಾಗೆ ಕಾಣಲಿಲ್ಲ.

ಮುಗಿದ ಮೇಲೆ ಬಾಗಿಲಲ್ಲಿ ಅವರ ಕೈ ಹಿಡಿದು ಮೇಡಂ, "ಚೆನ್ನಾಗಿದೆ ಕಣೋ" ಎಂದರು.

"ಯಾವ ಸೀನು ಅಕ್ಕ?"

"ಎಲ್ಲಾನೂ ಚೆನ್ನಾಗಿದೆ."

ಸಂತೋಷದಲ್ಲಿದ್ದ ಮನುಷ್ಯ, ಆ ಮಾತಿನ ವಿಚಿತ್ರ ಆಗ ಅವರ ಕಿವಿಗೆ ಬೀಳಲಿಲ್ಲ. ಕಾಫಿಗೆಂದು ಮೂವರೂ ಮನೆಗೆ ಬಂದೆವು. ಅವರ ತಮ್ಮ ನೀರು ಕುಡಿಯಲು ಅಡುಗೆಮನೆಗೆ ಹೋದವರು ಅಲ್ಲೇ ನಿಂತುಬಿಟ್ಟರು. ಮೂಲೆಯಲ್ಲಿ ಕೊಡಗಳು ಕಂಠದವರೆಗೆ ತುಂಬಿ, ಮೇಲೆ ತಟ್ಟೆ ಮುಚ್ಚಿಸಿಕೊಂಡು ಸಾಲಾಗಿ ಕೂತಿದ್ದವು.

"ಅಕ್ಕ, ನೀರು ಯಾರು ಹಿಡಿದಿದ್ದು?"

ಮೇಡಂ ಡಿಕಾಕ್ಷನ್ ಹಾಕುತ್ತಲೇ ಇದ್ದರು. ಅಷ್ಟರಲ್ಲಿ ಕೆಳಗಿನ ಮಾಮಿಯೇ ಕೀಲಿಕೈ ವಾಪಸು ಕೊಡಲು ಹತ್ತಿ ಬಂದರು. ಬೆಳಗ್ಗೆಯೇ ಅಕ್ಕ ಬಂದು ಹೇಳಿದರೆಂದೂ, ಇವತ್ತು ನನಗಾಗಿ ನೀನೇ ನೀರು ಹಿಡಿದಿಡು ಎಂದರೆಂದೂ, ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದವರು ಕೇಳಿದ್ದು ತನಗೆ ಎಷ್ಟು ಸಂತೋಷವಾಯಿತೆಂದೂ ತಮಿಳಿನಲ್ಲಿ ಹೇಳಿ ಹೋದರು.

ತಮ್ಮ ಒಂದು ಕೊಡದ ಮೇಲಿನ ತಟ್ಟೆ ಎತ್ತಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು.

"ನೋಡೋಕೆ ಮುಂಚೇನೇ ತೀರ್ಮಾನ ಮಾಡ್ಕೊಂಡಿದ್ಯಾ?"

"ಹಾಗಲ್ಲ ಕಣೋ. ಏನಾದ್ರೂ ಆಗ್ಲಿ, ನಿನ್ನ ಪಡಂನ ಪೂರ್ತಿ ನೋಡ್ಬೇಕು ಅಂತ."

"ಎದ್ದು ಹೋಗಿದ್ರೂ ತಡ್ಕೋತಿದ್ದೆ. ಊರಿಗೆಲ್ಲ ನಿಜ ಹೇಳ್ತೀಯ. ನನಗೊಬ್ಬನಿಗೆ ಕನಿಕರ." ಲೋಟ ಕೆಳಗಿಟ್ಟರು. "ಇನ್ಮೇಲೆ ನಾನು ಮಾಡಿದ್ದು ಏನೂ ನೋಡ್ಬೇಡ. ಮಾತು ಕೊಡು."

ಅವರು ಕೊಟ್ಟರು. ಏನೂ ವಾದಿಸದೆ ಕೊಟ್ಟರು.

ಆ ಸೋಮವಾರ ಕಚೇರಿಯಲ್ಲಿ ಎಂದಿನ ಹಾಗೆ ಕೇಳಿದರು, ನೀರಾ ಪಡಮಾ ಎಂದು. ಮೇಡಂ "ಗೊತ್ತಿಲ್ಲ" ಎಂದು ಫೈಲು ಎಳೆದುಕೊಂಡರು. ಚಿತ್ರ ಬಂದ ಹಾಗೇ ಹೋಯಿತು. ಅಕ್ಕತಮ್ಮಂದಿರ ನಡುವೆ ಮಾತು ನಿಲ್ಲಲಿಲ್ಲ. ಹಬ್ಬಕ್ಕೆ ತಮ್ಮ ಬರುತ್ತಿದ್ದರು, ಉಣ್ಣುತ್ತಿದ್ದರು. ಸಿನಿಮಾ ಒಂದನ್ನು ಬಿಟ್ಟು ಬೇರೆಲ್ಲ ಮಾತಾಡುತ್ತಿದ್ದರು. ಒಬ್ಬರಿಗೊಬ್ಬರು ಮೊದಲಿನಿಂದ ಮಾತಾಡಿದ್ದು ಅದೊಂದನ್ನೇ ಆದ್ದರಿಂದ ಉಳಿದದ್ದು ಹೆಚ್ಚೇನೂ ಇರಲಿಲ್ಲ. ಮೇಡಂ ಮಾಡಿದ್ದು ತಪ್ಪೋ ಸರಿಯೋ ನಾನು ಹೇಳಲಾರೆ. ನನ್ನ ಅಪ್ಪ ಸೀರೆ ನೇಯ್ದಿದ್ದರೆ, ಅದರಲ್ಲಿ ಎಳೆ ತಪ್ಪಿದ್ದರೆ, ನಾನು ಏನು ಹೇಳುತ್ತಿದ್ದೆ ಎಂದು ಯೋಚಿಸಿದ್ದೇನೆ. ಉಟ್ಟುಕೊಂಡು ಓಡಾಡುತ್ತಿದ್ದೆ, ಅಷ್ಟೇ.

ಅವರ ತಮ್ಮ ದೊಡ್ಡ ಚಿತ್ರಗಳ ಸಹವಾಸ ಬಿಟ್ಟು ಡಾಕ್ಯುಮೆಂಟರಿ ಮಾಡುವವರ ಜೊತೆ ಸೇರಿದರು. ಆಗ ಥಿಯೇಟರಿನಲ್ಲಿ ಪಿಕ್ಚರಿಗೆ ಮುಂಚೆ ಇಂಥದ್ದೊಂದನ್ನು ಹಾಕಲೇಬೇಕಿತ್ತು. ಜನ ಅದು ಮುಗಿಯುವವರೆಗೆ ಹೊರಗೆ ನಿಂತು ಕಡಲೆಕಾಯಿ ತಿನ್ನುತ್ತಿದ್ದರು. ಮೇಡಂ ಕೂಡ. ಒಂದು ಬೇಸಿಗೆಯಲ್ಲಿ ನಾನು ಗೆಳತಿಯ ಜೊತೆ ಹೋಗಿದ್ದಾಗ ಬಿಸಿಲು ತಾಳದೆ ಮೊದಲೇ ಒಳಗೆ ಹೋಗಿ ಕೂತೆ. ಕಟ್ಟುಮರ ಕಟ್ಟುವವರ ಮೇಲೊಂದು ಚಿತ್ರ. ಕೊನೆಯಲ್ಲಿ ಅವರ ತಮ್ಮನ ಹೆಸರು ಬಂತು.

ಸೋಮವಾರ ಮೇಡಂಗೆ ಹೇಳಿದೆ.

"ಹೇಗಿದೆ?" ಎಂದು ಕೇಳಿದವರು, ನಾನು ಬಾಯಿ ತೆರೆಯುವ ಮುಂಚೆ ಕೈಯೆತ್ತಿದರು. "ಹೇಳ್ಬೇಡ. ನಾನು ಮಾತು ಕೊಟ್ಟಿದೀನಿ."

ಶುಕ್ರವಾರ ತಾವೇ ನನ್ನ ಮೇಜಿನ ಹತ್ತಿರ ಬಂದರು. "ನಾಳೆ ಆ ಥಿಯೇಟರ್‌ಗೇ ಹೋಗೋಣ. ಸ್ವಲ್ಪ ಬೇಗ. ದೊಡ್ಡ ಪಡಂ ನೋಡಕ್ಕೆ ತಾನೇ ಹೋಗೋದು? ಮುಂಚೆ ಅವರೇನು ಹಾಕ್ತಾರೋ ನಮಗೇನು ಗೊತ್ತು."

"ನಮಗೇನು ಗೊತ್ತು ಮೇಡಂ," ಎಂದೆ.

ಅರ್ಧ ಖಾಲಿಯಿದ್ದ ಥಿಯೇಟರಿನಲ್ಲಿ ಕೂತೆವು. ಅಂಥ ಚಿತ್ರಗಳಲ್ಲಿ ಯಾವಾಗಲೂ ಇರುವ ಗಡಸು ಧ್ವನಿ ಇದರಲ್ಲೂ ಶುರುವಾಯಿತು. ಮುದುಕನೊಬ್ಬ ಮರಳಿನಲ್ಲಿ ದಿಮ್ಮಿಗಳನ್ನು ಜೋಡಿಸಿ ಹಗ್ಗ ಸುತ್ತತೊಡಗಿದಾಗ ಧ್ವನಿ ನಿಂತುಹೋಯಿತು. ಬರೀ ಅಲೆಯ ಸದ್ದು. ಹಗ್ಗದ ಒಂದು ತುದಿ ಅವನ ಹಲ್ಲಿನಲ್ಲಿ, ಇನ್ನೊಂದು ಕೈಯಲ್ಲಿ. ದಿಮ್ಮಿಗೆ ಪಾದ ಒತ್ತಿ ಹಿಂದಕ್ಕೆ ವಾಲಿ ಎಳೆಯುತ್ತಾನೆ. ಸಮುದ್ರಕ್ಕೆ ಹೋಗಿ ಬಂದ ಮೇಲೆ ಅದೇ ಗಂಟುಗಳನ್ನು ಒಂದೊಂದಾಗಿ ಬಿಚ್ಚಿ ದಿಮ್ಮಿಗಳನ್ನು ಒಣಗಲು ಬಿಡುತ್ತಾನೆ. ಅಷ್ಟೇ. ನಾನು ತೆರೆ ನೋಡಲಿಲ್ಲ, ಮೇಡಂ ಬೆನ್ನು ನೋಡುತ್ತಿದ್ದೆ. ಅದು ಕುರ್ಚಿಗೆ ತಾಗಲೇ ಇಲ್ಲ.

ಹೆಸರು ಬಂದು ಹೋಯಿತು. ಅವರು ಎದ್ದರು.

"ನಡಿ."

"ಪಿಕ್ಚರ್ ಇನ್ನೂ ಶುರುವಾಗಿಲ್ಲ ಮೇಡಂ."

"ನನ್ನದು ಮುಗೀತು."

ಆ ಬಿಸಿಲಿನಲ್ಲಿ ಮರೀನಾದವರೆಗೆ ನಡೆಸಿದರು. ಮರಳಿನ ಮೇಲೆ ಒಣಹಾಕಿದ ದಿಮ್ಮಿಗಳ ಪಕ್ಕ ಕೂತು, ಸೆರಗಿನ ತುದಿಯನ್ನು ಹಗ್ಗ ಮಾಡಿಕೊಂಡು, "ಅವನು ಹೀಗೆ ಎಳೆದ ನೋಡು. ಅಲ್ಲಿ ಮಾತು ನಿಲ್ಸಿದಾನೆ, ನೋಡಿದ್ಯಾ?" ಎಂದು ಮತ್ತೆ ಮತ್ತೆ ಮಾಡಿ ತೋರಿಸಿದರು. ಬಿಸಿಲು ಇಳಿಯಿತು. ದೀಪಗಳು ಹತ್ತಿದವು. ಅವರು ವಾಚು ನೋಡಲಿಲ್ಲ, ನಾನೂ ನೆನಪಿಸಲಿಲ್ಲ.

"ಅವರಿಗೆ ಹೇಳಿ ಮೇಡಂ," ಎಂದೆ ಏಳುವಾಗ.

"ಏನಂತ ಹೇಳ್ಲಿ? ಒಂದು ಸಲ ಚೆನ್ನಾಗಿದೆ ಅಂದಿದೀನಲ್ಲ. ಇನ್ನು ನಾನು ಏನಂದ್ರೂ ಅವನು ನಂಬಲ್ಲ." ಸೀರೆಯ ಮರಳು ಕೊಡವಿಕೊಂಡರು. "ನೀನೂ ಹೇಳ್ಬೇಡ. ಅಕ್ಕ ಕಳಿಸಿದ್ಲು ಅಂದ್ಕೋತಾನೆ."

ಮನೆ ಮುಟ್ಟಿದಾಗ ಕೆಳಗಿನ ಮಾಮಿ ನೀರು ಬಂದು ಹೋಗಿ ಎಷ್ಟೋ ಹೊತ್ತಾಯಿತೆಂದು ಹೇಳಿದರು. ಮೇಡಂ ನಕ್ಕರು.

ಇಷ್ಟನ್ನೂ ನೆನೆಸಿಕೊಂಡು ಆ ಬೆಂಚಿನ ಮೇಲೆ ಕೂತಿದ್ದೆ. ತಮ್ಮ ಇನ್ನೂ ನಿಂತೇ ಇದ್ದರು. ಯಾರಿಗೆ ಹೆದರಿ ಸುಮ್ಮನಿದ್ದೀಯ ಎಂದು ಮೇಡಂ ಕೇಳಿದ ಹಾಗಾಯಿತು. ಅವರೇ ಕಲಿಸಿದ್ದಲ್ಲವೇ.

"ನೋಡಿದ್ರು," ಎಂದೆ. "ನನ್ನ ಜೊತೆಗೇ ನೋಡಿದ್ರು. ಶನಿವಾರದ ಮ್ಯಾಟಿನಿ."

"ಚೆನ್ನಾಗಿದೆ ಅಂದ್ಲಾ?"

"ಇಲ್ಲ. ಒಂದು ಸಲವೂ ಅನ್ನಲಿಲ್ಲ."

ಅವರು ತಲೆಯಾಡಿಸಿದರು, ನಿರೀಕ್ಷಿಸಿದ್ದೇ ಎನ್ನುವ ಹಾಗೆ.

"ಅವತ್ತು ಮನೆಗೆ ಬಂದಾಗ ಕೊಡಗಳೆಲ್ಲ ಖಾಲಿ," ಎಂದೆ. "ಕೆಳಗಿನ ಮಾಮಿಗೆ ಹೇಳಿ ಹೋಗಿರಲಿಲ್ಲ. ಅವರ ಮನೆಯಿಂದ ಒಂದು ಕೊಡ ಇಸ್ಕೊಂಡು ರಾತ್ರಿ ಅನ್ನಕ್ಕಿಟ್ಟರು. ಹೊತ್ತು ತಂದೋಳು ನಾನೇ."

ಅವರು ಮೆಲ್ಲಗೆ ಗೋಡೆ ಹಿಡಿದುಕೊಂಡು ನನ್ನೆದುರು ನೆಲದ ಮೇಲೆ ಕೂತರು. ಕೆಳಗೆ ಅಂಗಳದಲ್ಲಿ ಅಡಿಪಂಪು ಕಿರುಗುಟ್ಟತೊಡಗಿತು. "ತಣ್ಣಿ ವಂದಾಚ್ಚು," ನೀರು ಬಂತೆಂದು ಯಾರೋ ಮೇಲಕ್ಕೆ ಕೂಗಿ ಹೇಳಿದರು. ಸಮಾರಾಧನೆಯ ಮನೆ, ಪಾತ್ರೆ ತೊಳೆಯುವುದಕ್ಕೂ ನೀರಿರಲಿಲ್ಲ. ಖಾಲಿ ಕೊಡಗಳು ಬಾಗಿಲಲ್ಲೇ ಇದ್ದವು.

"ನೀರು ಬಂತಂತೆ," ಎಂದೆ.

"ಹೋಗ್ಲಿ ಬಿಡಿ," ಎಂದರು. "ಯಾವ ಸೀನು, ಹೇಳಿ."

ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡೆ. ಬೆಂಚಿನ ಕಾಲಿಗೆ ಪಾದ ಒತ್ತಿ, ಹಿಂದಕ್ಕೆ ವಾಲಿ, ಎಳೆದೆ.